ಮನೆಯಲ್ಲೊಬ್ಬರು ಹೋದ ಮೇಲೆ ಮತ್ತೆ ನಗೋದು ಹೇಗೆ?

ತಿಥಿ ಮುಗಿದ ಮಧ್ಯಾಹ್ನ ಶಾಮಿಯಾನ ಬಿಚ್ಚುತ್ತಾರೆ. ಬಾಡಿಗೆ ಪಾತ್ರೆ ವಾಪಸ್ ಹೋಗುತ್ತದೆ. ನೆಂಟರು ಒಬ್ಬೊಬ್ಬರಾಗಿ ಬಸ್ಸು ಹತ್ತುತ್ತಾರೆ. ನಮ್ಮ ಹಾಸನದ ಕಡೆ ಹಾಲುತುಪ್ಪದಿಂದ 11ನೇ ದಿನದವರೆಗೆ ಏನೇನು ಮಾಡಬೇಕು ಅಂತ ಹೇಳಿಕೊಡೋಕೆ ಊರಿಗೆ ಊರೇ ಇರುತ್ತದೆ. 12ನೇ ದಿನದಿಂದ ಏನು ಮಾಡಬೇಕು ಅಂತ ಹೇಳೋರು ಯಾರೂ ಇರುವುದಿಲ್ಲ. ಈ ಬರಹ ಆ 12ನೇ ದಿನದಿಂದ ಮುಂದಿನದು.

ನಮ್ಮ ಯಜಮಾನರು ಹೋಗಿ ಕೆಲವು ವರ್ಷಗಳಾದವು. ನನಗೆ ಕೆಲಸಕ್ಕೆ ಬಂದದ್ದು, ಅಕ್ಕಪಕ್ಕದ ಮನೆಗಳಲ್ಲಿ ಕಂಡದ್ದು, ತಿಳಿದವರಿಂದ ಕಲಿತದ್ದು ಎಲ್ಲವನ್ನೂ ಸೇರಿಸಿ ಬರೆಯುತ್ತಿದ್ದೇನೆ. ಇದರಲ್ಲಿ ನಾನು ಗಟ್ಟಿಯಾಗಿ ನಂಬುವ ಮಾತು ಒಂದೇ. ಮನಸ್ಸು ಸರಿಹೋದ ಮೇಲೆ ಬದುಕೋಣ ಅಂತ ಕಾಯಬೇಡಿ. ಮೊದಲು ಕೈಗೆ ಒಂದು ಸಣ್ಣ ಕೆಲಸ ಕೊಡಿ, ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತದೆ. ಖಿನ್ನತೆಗೆ ಕೊಡುವ ಚಿಕಿತ್ಸೆಗಳಲ್ಲೂ ಒಂದು ವಿಧಾನ ಹೀಗೇ ಇದೆ. ಹುಮ್ಮಸ್ಸು ಬರಲಿ ಅಂತ ಕಾಯದೆ ದಿನಕ್ಕಿಷ್ಟು ಅಂತ ಹಿತವಾದ ಕೆಲಸಗಳನ್ನು ಗೊತ್ತುಮಾಡಿಕೊಂಡು ಮಾಡಿಸುತ್ತಾರೆ.

ಹೆಜ್ಜೆ 1: ಕಾಗದಪತ್ರದ ಕೆಲಸ ಮುಗಿಸಿಬಿಡಿ

ಖುಷಿಯ ವಿಷಯ ಅಂತ ಹೇಳಿ ಆಫೀಸಿನಿಂದ ಶುರು ಮಾಡುತ್ತಿರುವುದಕ್ಕೆ ಕಾರಣ ಇದೆ. ಬಾಕಿ ಉಳಿದ ಕಾಗದ ಹಗಲೂ ರಾತ್ರಿ ತಲೆ ತಿನ್ನುತ್ತದೆ. ಊಟ ಮಾಡುವಾಗಲೂ ಅದೇ, ಮಲಗಿದಾಗಲೂ ಅದೇ.

ಮರಣವನ್ನು 21 ದಿನದೊಳಗೆ ನೋಂದಣಿ ಮಾಡಿಸಿದರೆ ತಡದ ಶುಲ್ಕ ಇರುವುದಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶದವರೆಗೆ ಅಲೆಯಬೇಕಾಗುತ್ತದೆ. ಸರ್ಟಿಫಿಕೇಟಿನ ನಾಲ್ಕಾರು ಪ್ರತಿ ತೆಗೆಸಿಡಿ, ಎಲ್ಲ ಕಡೆ ಕೇಳುತ್ತಾರೆ. ಆಮೇಲೆ ಅವರ ಬ್ಯಾಂಕ್ ಪಾಸ್‌ಬುಕ್ಕನ್ನು ಕೂತು ಸಾಲು ಸಾಲಾಗಿ ಓದಿ. ವರ್ಷಕ್ಕೊಮ್ಮೆ 436 ರೂಪಾಯಿ ಕಟ್ ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ ಇರಬಹುದು, ಮನೆಯವರಿಗೆ 2 ಲಕ್ಷ ಬರುತ್ತದೆ. 20 ರೂಪಾಯಿ ಕಟ್ ಆಗಿದ್ದರೆ ಸುರಕ್ಷಾ ವಿಮೆ ಇರಬಹುದು. ಅಪಘಾತದಲ್ಲಿ ಹೋಗಿದ್ದರೆ ಅದರಿಂದಲೂ 2 ಲಕ್ಷ. ಮಾಡಿಸಿದ್ದೇ ಮನೆಯವರಿಗೆ ಗೊತ್ತಿಲ್ಲದೆ ಎಷ್ಟೋ ಜನ ಈ ದುಡ್ಡು ಕೇಳುವುದೇ ಇಲ್ಲ. ಜಮೀನಿದ್ದರೆ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ, ಅಂದರೆ ಹೋದವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋಕೆ, ಅರ್ಜಿ ಹಾಕಿ. ಅಣ್ಣತಮ್ಮಂದಿರು ಒಟ್ಟಾಗಿರುವ ಹೊತ್ತಿನಲ್ಲೇ ಹಾಕಿದರೆ ಒಳ್ಳೆಯದು.

ದಿನಕ್ಕೆ ಒಂದೇ ಆಫೀಸು ಸಾಕು. ಜೊತೆಗೊಬ್ಬರು ಇರಲಿ. ಕೆಲಸ ಆಗಲಿ ಬಿಡಲಿ, ನೇರ ಮನೆಗೆ ಓಡಬೇಡಿ. ಹತ್ತಿರದ ಹೋಟೆಲಿನಲ್ಲಿ ಕೂತು ಬಿಸಿಯಾಗಿ ಏನಾದರೂ ತಿಂದು ಬನ್ನಿ.

ಹೆಜ್ಜೆ 2: ಅಡುಗೆಮನೆಯ ಅಳತೆ ಬದಲಾಯಿಸಿ

"ನನ್ನೊಬ್ಬಳಿಗೆ ಏನು ಮಾಡ್ಕೊಳ್ಳೋದು ಬಿಡು." ಒಂಟಿಯಾದವರ ಬಾಯಲ್ಲಿ ಈ ಮಾತು ನೀವೂ ಕೇಳಿರುತ್ತೀರಿ. ಬದುಕಿನ ರುಚಿ ಹೋಗುವುದು ಇಲ್ಲಿಂದಲೇ ಅಂತ ನನಗನ್ನಿಸುತ್ತದೆ. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಒಂದಿಷ್ಟು ಮೊಸರನ್ನ, ರಾತ್ರಿ ಎರಡು ಬಿಸ್ಕತ್ತು. ಹೀಗೇ ತಿಂಗಳುಗಟ್ಟಲೆ ಕಳೆದರೆ ಮೈಯಲ್ಲಿ ಶಕ್ತಿ ಎಲ್ಲಿಂದ ಬರಬೇಕು? ಶಕ್ತಿ ಇಲ್ಲದ ಮೈಗೆ ಖುಷಿ ಹತ್ತುವುದಿಲ್ಲ.

ನಮ್ಮ ಮನೆಯಲ್ಲಿ ಅಕ್ಕಿ ಅಳೆಯೋದು ಹಿತ್ತಾಳೆ ಪಾವಿನಲ್ಲಿ. ನಮ್ಮತ್ತೆ ಕಾಲದ್ದು, ಅಂಚು ಒಂದು ಕಡೆ ನೆಗ್ಗಿದೆ. ಯಜಮಾನರು ಹೋದ ಮೇಲೂ ಕೈ ತಾನಾಗಿಯೇ ಅದನ್ನು ತುಂಬಿಸಿ, ಹೆಬ್ಬೆರಳಿನಿಂದ ಮೇಲಿನ ಅಕ್ಕಿ ಸವರಿ, ಪಾತ್ರೆಗೆ ಸುರಿಯುತ್ತಿತ್ತು. ರಾತ್ರಿ ಮುಚ್ಚಳ ತೆಗೆದರೆ ಅವರ ಪಾಲಿನ ಅನ್ನ ಅಲ್ಲೇ ಕೂತಿರುತ್ತಿತ್ತು. ಇಡೀ ದಿನದಲ್ಲಿ ಎದೆಗೆ ತಾಗುತ್ತಿದ್ದುದು ಆ ಹೊತ್ತೇ. ಕೊನೆಗೆ ಪಾವನ್ನು ರಾಗಿಹಿಟ್ಟಿನ ಡಬ್ಬಿಗೆ ಹಾಕಿದೆ. ಅಕ್ಕಿಗೆ ಅರ್ಧ ಪಾವು ಹಿಡಿಯುವ ಸ್ಟೀಲ್ ಲೋಟ ಇಟ್ಟೆ. ಅನ್ನ ಮಿಗುವುದು ನಿಂತಿತು. ಪಾವು ಈಗಲೂ ದಿನಾ ಕೈಗೆ ಸಿಗುತ್ತದೆ, ಆದರೆ ಚುಚ್ಚುವುದಿಲ್ಲ.

ನಿಮ್ಮ ಮನೆಯಲ್ಲಿ ಆ ಜಾಗ ಬೇರೆ ಇರಬಹುದು. ಹಾಲಿನವನಿಗೆ ಹೇಳಿದ ಲೆಕ್ಕ, ಸಂಜೆ ಇಡುವ ಕಾಫಿ ಡಿಕಾಕ್ಷನ್, ಎರಡು ಹಾಸಿಗೆ ಹಾಸುವ ಅಭ್ಯಾಸ. ದಿನಾ ಒಂದೇ ಕಡೆ ಎಡವುತ್ತಿದ್ದೀರಿ ಅನ್ನಿಸಿದರೆ, ಒಂದು ಹಗಲು ಹೊತ್ತಿನಲ್ಲಿ, ಧೈರ್ಯ ಇರುವಾಗ ಅದನ್ನು ಬದಲಾಯಿಸಿ. ಎಲ್ಲವನ್ನೂ ಬೇಡ. ಒಂದನ್ನು.

ಊಟಕ್ಕೆ ಮೂರು ಕಟ್ಟುಪಾಡು ಮಾಡಿಕೊಳ್ಳಿ. ಪಾತ್ರೆಯಿಂದಲೇ ನಿಂತುಕೊಂಡು ತಿನ್ನುವುದು ಬೇಡ, ತಟ್ಟೆ ಹಾಕಿಕೊಂಡು ಕೂತು ಉಣ್ಣಿ. ದಿನಕ್ಕೆ ಒಂದು ಬಾರಿಯಾದರೂ ಬಿಸಿ ಅಡುಗೆ ಆಗಲಿ. ವಾರಕ್ಕೊಮ್ಮೆ ಯಾರ ಜೊತೆಗಾದರೂ ಉಣ್ಣಿ.

ಹುರುಳಿಕಾಳು ಬಸ್ಸಾರು ಒಬ್ಬರಿಗಾಗುವಷ್ಟೇ ಮಾಡೋಕೆ ಬರುವುದಿಲ್ಲ. ಮಾಡಿದರೂ ಆ ರುಚಿ ಬರುವುದಿಲ್ಲ. ಆದ್ದರಿಂದ ಹಿಂದಿನ ಹಾಗೇ ಮಾಡಿ, ಒಂದು ಡಬ್ಬಿ ಪಕ್ಕದ ಮನೆಗೆ ಕೊಡಿ. ಕೊಟ್ಟ ಪಾತ್ರೆ ಖಾಲಿ ವಾಪಸ್ ಬರುವ ಪದ್ಧತಿ ನಮ್ಮಲ್ಲಿಲ್ಲ. ಎರಡು ದಿನಕ್ಕೆ ಅದರಲ್ಲಿ ಕಡುಬೋ ಚಟ್ನಿಪುಡಿಯೋ ಬರುತ್ತದೆ. ಬಂದವರು ಬಾಗಿಲಲ್ಲಿ ನಿಂತು ಹತ್ತು ನಿಮಿಷ ಮಾತಾಡುತ್ತಾರೆ. ಆ ಹತ್ತು ನಿಮಿಷಕ್ಕೆ ಬಸ್ಸಾರಿನಷ್ಟೇ ಬೆಲೆ ಇದೆ.

ಹೋದವರಿಗೆ ಇಷ್ಟವಾಗಿದ್ದ ಅಡುಗೆಯನ್ನು ಬಿಟ್ಟೇಬಿಡುವವರು ತುಂಬ ಜನ. ಮೊದಮೊದಲು ಗಂಟಲಲ್ಲಿ ಇಳಿಯುವುದಿಲ್ಲ, ನಿಜ. ಆದರೂ ಬಿಡಬೇಡಿ ಅಂತಲೇ ನಾನು ಹೇಳೋದು. ಮೊದಲ ಸಲ ಒಬ್ಬರೇ ಇರುವಾಗ ಮಾಡಬೇಡಿ. ಮಕ್ಕಳೋ ತಂಗಿಯೋ ಬಂದಾಗ ಮಾಡಿ. ತಿನ್ನುತ್ತಾ ಅವರ ಮಾತು ಬಂದೇ ಬರುತ್ತದೆ, ಉಪ್ಪು ಜಾಸ್ತಿಯಾದ ದಿನ ಏನಂದಿದ್ದರು ಅಂತ ಯಾರಾದರೂ ನೆನೆಸಿಕೊಳ್ಳುತ್ತಾರೆ. ಹಿರಿಯರ ಹಬ್ಬದಲ್ಲಿ ಎಡೆಗೆ ಅವರಿಗೆ ಬೇಕಾದ್ದನ್ನೇ ಹುಡುಕಿ ಹುಡುಕಿ ಇಡುತ್ತೇವಲ್ಲ, ಆಮೇಲೆ ಅದನ್ನು ನಾವೇ ಕೂತು ಉಣ್ಣುತ್ತೇವಲ್ಲ. ವರ್ಷಕ್ಕೊಮ್ಮೆ ಮಾಡುವುದನ್ನು ಮಧ್ಯದಲ್ಲೂ ಮಾಡಿದರೆ ತಪ್ಪೇನು?

ಹೆಜ್ಜೆ 3: ಅಳುವುದಕ್ಕೂ ಹೊತ್ತು ಕೊಡಿ, ಅದರಿಂದ ಎದ್ದು ಬರುವುದಕ್ಕೂ ಕೊಡಿ

ದುಃಖಕ್ಕೆ ಐದು ಹಂತ ಇದೆ, ಒಂದಾದ ಮೇಲೆ ಒಂದು ಮುಗಿಯುತ್ತದೆ ಅಂತ ಕೇಳಿರಬಹುದು. ಎಲಿಸಬೆತ್ ಕೂಬ್ಲರ್ ರಾಸ್ ಎಂಬ ವೈದ್ಯೆ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹತ್ತಿರ ಇದ್ದ ರೋಗಿಗಳನ್ನು ಕಂಡು. ಹಿಂದೆ ಉಳಿದ ನಮ್ಮಂಥವರಿಗೆ ಅಂತ ಹಾಕಿಕೊಟ್ಟ ಪಟ್ಟಿ ಅದಲ್ಲ. ಆದ್ದರಿಂದ 'ನಾನು ಯಾವ ಹಂತದಲ್ಲಿದ್ದೀನಿ' ಅಂತ ತಲೆ ಕೆಡಿಸಿಕೊಳ್ಳಬೇಡಿ.

ನನಗೆ ಹೆಚ್ಚು ಒಪ್ಪಿಗೆಯಾದದ್ದು ನೆದರ್‌ಲೆಂಡ್ಸಿನ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಸ್ಕೂಟ್ 1999ರಲ್ಲಿ ಹೇಳಿದ್ದು. ದುಃಖದಲ್ಲಿರುವವರು ಎರಡು ಕಡೆಗೂ ಓಡಾಡುತ್ತಾ ಇರುತ್ತಾರೆ. ಒಂದು ಹೊತ್ತು ಹೋದವರ ನೆನಪಿನಲ್ಲಿ ಮುಳುಗುತ್ತಾರೆ, ಇನ್ನೊಂದು ಹೊತ್ತು ಕರೆಂಟ್ ಬಿಲ್ಲು, ಮಗಳ ಫೀಸು, ತೋಟದ ಕೆಲಸದಲ್ಲಿ ತೊಡಗುತ್ತಾರೆ. ಈ ಓಡಾಟವೇ ಆರೋಗ್ಯದ ಲಕ್ಷಣ. ಬೆಳಿಗ್ಗೆ ಅತ್ತು ಮಧ್ಯಾಹ್ನ ಸಂತೆಗೆ ಹೋಗಿ ಬಂದರೆ ಏನೂ ಕೆಟ್ಟಿಲ್ಲ.

ದಿನದಲ್ಲಿ ಅರ್ಧ ಗಂಟೆ ಅವರಿಗೇ ಅಂತ ಇಟ್ಟುಕೊಳ್ಳಿ. ದೀಪ ಹಚ್ಚುವ ಹೊತ್ತಾದರೂ ಸರಿ. ಫೋಟೊ ಮುಂದೆ ಕೂತು ಆ ದಿನ ಆದದ್ದನ್ನು ಬಾಯಿಬಿಟ್ಟು ಹೇಳಿ. "ಮೋಟರು ರಿಪೇರಿ ಆಯ್ತು, ಮೆಣಸಿನ ಬಳ್ಳಿಗೆ ಬೋರ್ಡೊ ಹೊಡೆಸಿದೆ" ಅಂತ. ಅಳು ಬಂದರೆ ಅಳಿ. ಆಮೇಲೆ ಎದ್ದು ಮುಖ ತೊಳೆದು, ಮುಂಚೆಯೇ ಗೊತ್ತುಮಾಡಿಟ್ಟ ಒಂದು ಕೆಲಸಕ್ಕೆ ಕೈ ಹಾಕಿ. ಗಿಡಕ್ಕೆ ನೀರು, ಸೊಪ್ಪು ಬಿಡಿಸೋದು, ಯಾವುದಾದರೂ ಆಗುತ್ತದೆ. ಎದ್ದ ಮೇಲೆ ಏನು ಅಂತ ಮೊದಲೇ ಗೊತ್ತಿದ್ದರೆ ಏಳುವುದು ಸುಲಭ.

ಹೆಜ್ಜೆ 4: ನಗುವುದಕ್ಕೆ, ಹೂ ಮುಡಿಯುವುದಕ್ಕೆ ಯಾರ ಅಪ್ಪಣೆಯೂ ಬೇಡ

ಅಳುತ್ತಿದ್ದರೆ "ಎಷ್ಟು ದಿನ ಅಂತ ಹೀಗೇ ಕೂರ್ತೀಯಾ" ಅನ್ನುತ್ತಾರೆ. ನಕ್ಕರೆ "ಆಗಲೇ ನಗ್ತಿದ್ದಾಳೆ ನೋಡು" ಅನ್ನುತ್ತಾರೆ. ಎರಡನ್ನೂ ಅದೇ ಜನ ಅನ್ನುತ್ತಾರೆ. ಅವರ ಮಾತಿಗೆ ತಕ್ಕ ಹಾಗೆ ಮುಖ ಇಟ್ಟುಕೊಂಡು ಬದುಕೋಕೆ ಯಾರಿಂದಲೂ ಆಗಲ್ಲ.

ಅದಕ್ಕಿಂತ ಕಷ್ಟದ್ದು ನಮ್ಮೊಳಗಿನ ಮಾತು. ಮೊಮ್ಮಗುವಿನ ಚೇಷ್ಟೆಗೆ ನಗು ಬಂತು. ತಕ್ಷಣ, ಅವರಿಲ್ಲದೆ ನಾನು ಹೇಗೆ ನಕ್ಕೆ ಅಂತ ಎದೆ ಧಸಕ್ಕೆನ್ನುತ್ತದೆ. ಆಗ ಒಂದು ಪ್ರಶ್ನೆ ಕೇಳಿಕೊಳ್ಳಿ. ನೀವು ಹೋಗಿ ಅವರು ಉಳಿದಿದ್ದರೆ, ಅವರು ಹೀಗೆ ನಗುವುದು ನಿಮಗೆ ಬೇಡವಾಗಿತ್ತೇ? ನಮ್ಮವರು ಉಪವಾಸ ಕೂರಲಿ ಅಂತ ಯಾರೂ ಬಯಸುವುದಿಲ್ಲ. ನಗುವಿನ ವಿಷಯದಲ್ಲೂ ಅಷ್ಟೇ.

ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳಿಗೆ ಇದು ಇನ್ನೂ ಗಟ್ಟಿಯಾಗಿ ಹೇಳಬೇಕು. ಹೂವು, ಕುಂಕುಮ, ಬಳೆ ನಮಗೆ ಹುಟ್ಟಿದ ಮನೆಯಿಂದ ಬಂದದ್ದು. ನಾಲ್ಕು ವರ್ಷದ ಮಗುವಿದ್ದಾಗಲೇ ಅಮ್ಮ ಇಟ್ಟು ಕಳಿಸಿದ್ದು. ಅದನ್ನು ತೆಗೆಸುವ ಹಕ್ಕು ಯಾರಿಗೂ ಇಲ್ಲ. ನಿಮಗೆ ಬೇಡ ಅನ್ನಿಸಿದರೆ ಬೇಡ, ಬೇಕು ಅನ್ನಿಸಿದರೆ ನಾಳೆಯೇ ಇಟ್ಟುಕೊಳ್ಳಿ. ಮೊದಲ ದಿನ ಕೈ ನಡುಗಬಹುದು. ಮನೆಯೊಳಗೇ ಇಟ್ಟು ನೋಡಿ, ಆಮೇಲೆ ಅಂಗಡಿಗೆ ಹೋಗಿ, ಆಮೇಲೆ ಮದುವೆಮನೆಗೆ ಹೋಗಿ.

ಈ ಬರಹ ಓದುತ್ತಿರುವ ನೆಂಟರಿಗೂ ಒಂದು ಕೋರಿಕೆ. ಆರತಿ ಎತ್ತುವಾಗ, ಅರಿಶಿನ ಕುಂಕುಮ ಕೊಡುವಾಗ ಅಂಥವರನ್ನು ಹೆಸರು ಹಿಡಿದು ಕರೆಯಿರಿ. "ಅಕ್ಕಾ, ನೀವೂ ಬನ್ನಿ" ಅಂತ ಒಂದು ಮಾತು. ಅವರು ಮೂಲೆಯ ಕುರ್ಚಿ ಹುಡುಕಿಕೊಂಡು ಹೋಗುವುದು ತಪ್ಪುತ್ತದೆ.

ಹೆಜ್ಜೆ 5: ವಸ್ತುಗಳಿಗೆ ಅವಸರ ಬೇಡ, ಫೋನಿಗೆ ಮಾತ್ರ ಬೇಗ

ಬಟ್ಟೆಬರೆ ಕೊಟ್ಟುಬಿಡಿ ಅಂತ ಎಲ್ಲರೂ ಹೇಳುತ್ತಾರೆ. ನಿಮಗೆ ಕೈ ಬಂದಾಗ ಕೊಡಿ. ಒಂದು ಶಾಲು, ಒಂದು ಸ್ವೆಟರ್ ಇಟ್ಟುಕೊಂಡು ಚಳಿಗೆ ನೀವೇ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಆದರೆ ಫೋನಿನ ಫೋಟೊ, ವಾಟ್ಸಾಪಿನ ಧ್ವನಿ ಮೆಸೇಜುಗಳನ್ನು ಈಗಲೇ ಬೇರೆ ಕಡೆ ತೆಗೆದಿಡಿಸಿ. ರೀಚಾರ್ಜ್ ನಿಂತ ನಂಬರು ಕೆಲವು ತಿಂಗಳಲ್ಲಿ ರದ್ದಾಗಿ ಬೇರೆಯವರಿಗೆ ಹೋಗಬಹುದು. ಬ್ಯಾಂಕಿನ ಒಟಿಪಿ ಅದಕ್ಕೇ ಬರುತ್ತಿದ್ದರೆ ಅದನ್ನೂ ಸರಿಮಾಡಿಸಿ.

ಹೆಜ್ಜೆ 6: ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ಆಸೆ ಬರೆಯಿರಿ

ಗೋಡೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಬಂದ ದಿನ, ಚೀಟಿ ಕಟ್ಟುವ ದಿನ ಬರೆಯುತ್ತೇವೆ. ಅದರ ಜೊತೆಗೆ ಆ ತಿಂಗಳು ಎದುರು ನೋಡಬಹುದಾದ ಒಂದು ವಿಷಯ ಬರೆಯಿರಿ. ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಇದಕ್ಕೆ ಬರ ಇಲ್ಲ.

ಡಿಸೆಂಬರ್, ಜನವರಿಗೆ ಸೊಗಡು ಅವರೆಕಾಯಿ. ಹಿದುಕಿದ ಬೇಳೆ ಒಬ್ಬರೇ ಕೂತು ಮಾಡುವ ಕೆಲಸ ಅಲ್ಲ. ಹಿಂದಿನ ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ಪಕ್ಕದ ಮನೆಯವರನ್ನು ಕರೆಯಿರಿ. ಬೆರಳಿನ ನಡುವೆ ಕಾಳು ಪಿಚ್ಚನೆ ಸಿಪ್ಪೆಯಿಂದ ಹಾರುತ್ತಿರುವಾಗ ಮಾತು ತಾನಾಗಿ ಬರುತ್ತದೆ.

ಮಾರ್ಚ್, ಏಪ್ರಿಲ್‌ಗೆ ಹೂಮಳೆ. ಮೊದಲ ಮಳೆ ಬಿದ್ದು ವಾರ, ಹತ್ತು ದಿನಕ್ಕೆ ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ಕಾಫಿ ತೋಟಗಳೆಲ್ಲ ಬೆಳ್ಳಗಾಗುತ್ತವೆ. ಮಲ್ಲಿಗೆಯಂಥ ಪರಿಮಳ. ಹೂವು ಇರುವುದು ಎರಡು ಮೂರು ದಿನ, ಆಮೇಲೆ ಕಂದುಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಭಾನುವಾರ ಹೋಗೋಣ ಅಂತ ಮುಂದೆ ಹಾಕೋ ಹಾಗಿಲ್ಲ. ತೋಟ ಇರುವ ಪರಿಚಯದವರಿಗೆ "ಹೂ ಬಂದಾಗ ಒಂದು ಫೋನ್ ಮಾಡಿ" ಅಂತ ಮೊದಲೇ ಹೇಳಿಡಿ. ಬೆಳಗಿನ ಜಾವ ರೆಂಬೆಯ ಹತ್ತಿರ ಹೋಗಿ ನಿಂತು ನೋಡಿ. ಎಲೆಯ ಬುಡದಲ್ಲಿ ಹೂವು ಗೊಂಚಲು ಗೊಂಚಲಾಗಿ ಒತ್ತಿಕೊಂಡಿರುತ್ತದೆ, ಪ್ರತಿ ಗೊಂಚಲಿಗೂ ಜೇನುಹುಳ ಬಂದು ಕೂತಿರುತ್ತದೆ.

ಮಳೆಗಾಲಕ್ಕೆ ಕಳಲೆ, ಅಣಬೆ, ಕೆಸುವಿನ ಸೊಪ್ಪಿನ ಪತ್ರೊಡೆ. ಕಳಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರಲ್ಲಿಟ್ಟು, ನೀರು ಬದಲಾಯಿಸುತ್ತಾ ಇರಬೇಕು. ಇಂಥ ಅಡುಗೆಗಳಿಂದ ಒಂದು ಉಪಕಾರ ಇದೆ. ನಾಳೆಗೆ, ನಾಡಿದ್ದಿಗೆ ಒಂದು ಕೆಲಸ ಕಾದಿರುತ್ತದೆ.

ಅಕ್ಟೋಬರಿನ ಸುಮಾರಿಗೆ ಹಾಸನಾಂಬೆಯ ಬಾಗಿಲು ತೆಗೆಯುತ್ತಾರೆ. ವರ್ಷಕ್ಕೊಮ್ಮೆ, ಬಲಿಪಾಡ್ಯಮಿಯ ಆಸುಪಾಸಿನವರೆಗೆ. ಊರಿನ ತುಂಬ ಜನ, ಮನೆ ತುಂಬ ನೆಂಟರು. ಮೊದಲ ವರ್ಷ ದರ್ಶನಕ್ಕೆ ಹೋಗುವ ಹಾಗಿಲ್ಲ ಅಂತ ಮನೆಯಲ್ಲಿ ಪದ್ಧತಿ ಇದ್ದರೆ ಹೋಗಬೇಡಿ. ನೆಂಟರಿಗೆ ಮಾತ್ರ ಬರಬೇಡಿ ಅನ್ನಬೇಡಿ. ಅವರು ದರ್ಶನ ಮುಗಿಸಿ ಬರುವ ಹೊತ್ತಿಗೆ ಬಿಸಿ ಅಕ್ಕಿರೊಟ್ಟಿ ಹಾಕಿಕೊಡಿ. ಮನೆಯಲ್ಲಿ ಸದ್ದು ಬೇಕು.

ಹೆಜ್ಜೆ 7: ಮನೆಯಿಂದ ಹೊರಗೆ ಹೊರಡಿ

ದಿನಾ ಒಂದು ಸಲ ಹೊಸಲು ದಾಟಿ. ಹಾಸನದಲ್ಲಿದ್ದರೆ ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ಎರಡು ಸುತ್ತು. ಒಂದೇ ಹೊತ್ತಿಗೆ ಹೋಗುತ್ತಿದ್ದರೆ ಅದೇ ಮುಖಗಳು ಸಿಗುತ್ತವೆ. ವಾರ ಕಳೆದ ಮೇಲೆ "ನಿನ್ನೆ ಬರ್ಲಿಲ್ವಾ?" ಅಂತ ಯಾರೋ ಕೇಳುತ್ತಾರೆ. ನಿಮ್ಮ ಬರುವಿಕೆಗೆ ಲೆಕ್ಕ ಇಡುವವರು ಒಬ್ಬರಾದರು ಅಂತ ಅರ್ಥ.

ತಿಂಗಳಿಗೊಂದು ಸಣ್ಣ ಪಯಣ ಇಟ್ಟುಕೊಳ್ಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. "ಸುಮ್ನೆ ಖರ್ಚು" ಅನ್ನುವ ನೆಪ ಹೋಯಿತು, ಅಲ್ವಾ? ಹಾಸನದಿಂದ ಬೇಲೂರಿಗೆ ಒಂದು ಗಂಟೆ ಚಿಲ್ಲರೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನ ಚಿಕ್ಕಂದಿನಿಂದ ನೋಡಿದ್ದೇ ಅನ್ನಿಸಬಹುದು. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಎಲ್ಲಿಂದಲೋ ಜನ ಹುಡುಕಿಕೊಂಡು ಬರುತ್ತಿದ್ದಾರೆ, ನಾವು ಮದುವೆಗೆ ಹೋದಾಗ ಹಾಗೇ ಒಂದು ಸುತ್ತು ಬಂದಿರುತ್ತೇವೆ ಅಷ್ಟೇ. ಈ ಸಲ ಹೋದಾಗ ಪೂರ್ತಿ ನೋಡಬೇಡಿ. ಒಂದೇ ಒಂದು ಮದನಿಕೆಯ ಕೆಳಗೆ ನಿಲ್ಲಿ, ಕನ್ನಡಿ ಹಿಡಿದ ದರ್ಪಣ ಸುಂದರಿಯೇ ಆಗಲಿ. ಬಳೆ, ಡಾಬು, ತಲೆಯ ಮೇಲಿನ ಬಳ್ಳಿ, ಪಕ್ಕದಲ್ಲಿರುವ ಸಣ್ಣ ಗೊಂಬೆಗಳು, ಎಲ್ಲವನ್ನೂ ಒಂದೊಂದಾಗಿ ನೋಡಿ. ಕಣ್ಣಿಗೆ ಇಷ್ಟು ಕೆಲಸ ಸಿಕ್ಕಾಗ ತಲೆಯೊಳಗಿನ ಗಿರಕಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಸ್ವಲ್ಪ ಹೊತ್ತು ಸಾಕು, ಮೊದಲಿಗೆ.

ಹೆಜ್ಜೆ 8: ಹೆಂಡತಿಯನ್ನು ಕಳೆದುಕೊಂಡ ಗಂಡಸರಿಗೆ

ನಮ್ಮ ಕಡೆ ಗಂಡಸರು ಅಳುವುದನ್ನು ಯಾರೂ ನೋಡುವುದಿಲ್ಲ. ಸಂಜೆ ಆರಕ್ಕೆ ಪೇಟೆ ಕಡೆ ಹೊರಟು ರಾತ್ರಿ ಕುಡಿದು ಬರುವುದನ್ನು ಮಾತ್ರ ನೋಡುತ್ತೇವೆ. ಅಣ್ಣಂದಿರೇ, ಒಬ್ಬರೇ ಕೂತು ಕುಡಿಯಬೇಡಿ. ಆ ಕತ್ತಲಾಗುವ ಹೊತ್ತೇ ಕಷ್ಟದ್ದು ಅಂತ ಗೊತ್ತು, ಅದಕ್ಕೇ ಆ ಹೊತ್ತಿಗೆ ಬೇರೆ ಕೆಲಸ ಇಟ್ಟುಕೊಳ್ಳಿ. ಡೇರಿಗೆ ಹಾಲು ಹಾಕೋಕೆ ನೀವೇ ಹೋಗಿ, ಕೇರಂ ಆಡುವವರ ಜೊತೆ ಸೇರಿ, ಭಜನೆಮನೆಗೆ ಹೋಗಿ. ಮೂರು ಅಡುಗೆ ಕಲಿಯಿರಿ: ಅನ್ನ, ಸಾರು, ಉಪ್ಪಿಟ್ಟು. ಮಗಳಿಗೆ ಫೋನ್ ಮಾಡಿ ಒಗ್ಗರಣೆಗೆ ಏನು ಹಾಕಬೇಕು ಅಂತ ಕೇಳಿ. ಅವಳಿಗೂ ಅಮ್ಮನ ಕೈರುಚಿಯ ಬಗ್ಗೆ ಮಾತಾಡೋಕೆ ಯಾರೋ ಬೇಕಿರುತ್ತದೆ.

ಹೆಜ್ಜೆ 9: ಇಷ್ಟಾದರೂ ಆಗದಿದ್ದರೆ

ನೆನಪು ಮಾಸದೇ ಇರುವುದು ಕಾಯಿಲೆ ಅಲ್ಲ. ಆದರೆ ಆರು ತಿಂಗಳಿಗಿಂತ ಹೆಚ್ಚು ಕಾಲ ಪ್ರತಿದಿನವೂ ಅದೇ ತೀವ್ರತೆಯಲ್ಲಿ ಹಂಬಲ ಕಾಡುತ್ತಾ, ಸ್ನಾನ ಊಟ ಕೆಲಸ ಯಾವುದೂ ನಡೆಯದಂತಾದರೆ ಅದಕ್ಕೆ ಚಿಕಿತ್ಸೆ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕೇಳಿ. ನಾಚಿಕೆ ಬೇಡ, ಶುಗರಿಗೆ ಹೋಗಲ್ವಾ?

ಅವರ ಹಿಂದೆಯೇ ಹೋಗಿಬಿಡಬೇಕು ಅನ್ನುವ ಯೋಚನೆ ಬಂದರೆ ಆರು ತಿಂಗಳು ಕಾಯಬೇಡಿ, ಆರು ನಿಮಿಷವೂ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪಕ್ಕದಲ್ಲಿ ಯಾರಾದರೂ ಇದ್ದರೆ ಅವರಿಗೂ ಹೇಳಿ. ನಿಮ್ಮ ಮನೆಯ ಯಾರಾದರೂ ಹಾಗೆ ಮಾತಾಡಿದರೆ "ಬಾಯಲ್ಲಿ ಹೇಳ್ತಾರೆ ಅಷ್ಟೇ" ಅಂತ ಬಿಡಬೇಡಿ. ಆ ರಾತ್ರಿ ಒಬ್ಬರೇ ಮಲಗಲು ಬಿಡಬೇಡಿ, ಕೀಟನಾಶಕ, ಮಾತ್ರೆಗಳನ್ನು ಕೈಗೆ ಸಿಗದಂತೆ ಎತ್ತಿಡಿ.

ಹೆಜ್ಜೆ 10: ಮೊದಲ ವರ್ಷದ ದಿನಗಳಿಗೆ ಮುಂಚೆಯೇ ತಯಾರಾಗಿ

ಅವರ ಹುಟ್ಟಿದಹಬ್ಬ, ಮದುವೆಯಾದ ದಿನ, ಮೊದಲ ಯುಗಾದಿ, ವರ್ಷದ ತಿಥಿ. ಈ ದಿನಗಳು ಗೊತ್ತಿಲ್ಲದ ಹಾಗೆ ಬಂದು ಮೇಲೆ ಬೀಳಬಾರದು. ಹದಿನೈದು ದಿನ ಮುಂಚೆಯೇ ಮನೆಯವರೆಲ್ಲ ಮಾತಾಡಿಕೊಳ್ಳಿ. ಯಾರು ಬರುತ್ತಾರೆ, ಎಲ್ಲಿ ಉಣ್ಣುತ್ತೇವೆ, ಮಕ್ಕಳಿಗೆ ಏನು ಹೇಳುತ್ತೇವೆ. ಹಬ್ಬ ಮಾಡದ ವರ್ಷವಾದರೂ ಮಕ್ಕಳಿಗೆ ಹೊಸ ಬಟ್ಟೆ ತನ್ನಿ. ಅವರ ಅಪ್ಪನನ್ನೋ ಅಜ್ಜಿಯನ್ನೋ ಕಳೆದುಕೊಂಡಿದ್ದಾರೆ, ಯುಗಾದಿಯನ್ನೂ ಕಳೆದುಕೊಳ್ಳಬೇಕಾ?

ಎಲ್ಲರೂ ಮರೆಯುವುದು ಮರುದಿನವನ್ನು. ತಿಥಿಯ ದಿನ ಅಡುಗೆ, ಪುರೋಹಿತರು, ನೆಂಟರು ಅಂತ ಹೇಗೋ ಕಳೆದುಹೋಗುತ್ತದೆ. ಮರುದಿನ ಹನ್ನೊಂದು ಗಂಟೆಗೆ ಮನೆ ಖಾಲಿ ಹೊಡೆಯುತ್ತದೆ. ಆ ದಿನಕ್ಕೆ ಅಂತಲೇ ಒಂದು ಕೆಲಸ ಉಳಿಸಿಕೊಳ್ಳಿ. ಅಕ್ಕಪಕ್ಕದಿಂದ ತಂದ ಕೊಳಗ, ಕೊಳದಪ್ಪಲೆ, ಜಮಖಾನಗಳನ್ನು ಹುಡುಗರ ಕೈಲಿ ಕಳಿಸಬೇಡಿ. ತೊಳೆದು ಒರೆಸಿ ನೀವೇ ಹೋಗಿ ಕೊಡಿ, ಮಿಕ್ಕ ಒಬ್ಬಟ್ಟು ನಾಲ್ಕು ಜೊತೆಗಿರಲಿ. "ಕೂತ್ಕೊಳ್ಳಿ, ಕಾಫಿ ಇಡ್ತೀನಿ" ಅಂದರೆ ಬೇಡ ಅನ್ನಬೇಡಿ, ಕೂತು ಕುಡಿದೇ ಬನ್ನಿ.